ಹೆಣ್ಣು ನೋಡೋಕೆ ಹೊರಟ ರೈತ ಹುಡುಗರಿಗೆ, ಹೆಣ್ಣಿನ ಕಡೆಯಿಂದ

ನಾನು ಮದ್ದೂರು ತಾಲ್ಲೂಕಿನವಳು. ಮೈಸೂರಿನಲ್ಲಿ ಲ್ಯಾಬ್ ಟೆಕ್ನೀಶಿಯನ್ ಕೆಲಸ. ವಯಸ್ಸು 31, ಮದುವೆ ಆಗಿಲ್ಲ. ಅಣ್ಣ ಊರಲ್ಲಿ ಕಬ್ಬು, ರೇಷ್ಮೆ ನೋಡಿಕೊಂಡಿದ್ದಾನೆ. ಅವನಿಗೆ 34, ಅವನಿಗೂ ಆಗಿಲ್ಲ. ನಾನು ರೈತರನ್ನು ಬೇಡ ಅಂದವಳು, ಅವನು ಬೇಡ ಅನ್ನಿಸಿಕೊಂಡವನು. ಒಂದೇ ಮನೇಲಿ ಎರಡೂ ಕಥೆ ಇದೆ.

ಮೊದಲು ಒಂದು ಮಾತು ಬಿಡಬೇಕು: 'ಈಗಿನ ಹುಡುಗೀರಿಗೆ ದುರಾಸೆ'. 2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆಯಿತಲ್ಲ, ಗಂಡುಗಳು ಹತ್ತು ಸಾವಿರಕ್ಕೂ ಜಾಸ್ತಿ, ಹೆಣ್ಣುಗಳು ಸುಮಾರು 250. ಮುಂದಿನ ಫೆಬ್ರುವರಿಯಲ್ಲಿ ನಮ್ಮ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಊರೆಲ್ಲ ನಕ್ಕಿತು. ಅದೇ 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಬಯಲಾಯಿತು. ಆಗ ಯಾರೂ ನಗಲಿಲ್ಲ. ಹುಟ್ಟೋಕೇ ಬಿಡದಿದ್ದರೆ ಮದುವೆಗೆ ಎಲ್ಲಿಂದ ಬರ್ತಾರೆ? ಹುಟ್ಟಿದ ನಮ್ಮನ್ನೂ ಅಪ್ಪಂದಿರೇ ಓದಿಸಿ, 'ಹೊಲದ ಕಷ್ಟ ನಿಂಗೆ ಬೇಡ ಮಗಾ' ಅಂತ ಬಸ್ಸು ಹತ್ತಿಸಿದರು.

ಇನ್ನು ಕೆಲಸದ ಮಾತು. ಬಯೋಡೇಟಾದಲ್ಲಿ 'ಸ್ವಂತ ಜಮೀನು 4 ಎಕರೆ' ಅಂತ ಬರೆದರೆ ನಮಗೆ ಏನೂ ಗೊತ್ತಾಗಲ್ಲ. ಪಹಣಿ ಯಾರ ಹೆಸರಲ್ಲಿದೆ, ಅಣ್ಣತಮ್ಮಂದಿರ ಭಾಗ ಆಗಿದೆಯಾ, ನಾಲೆ ನೀರಾ ಬೋರ್‌ವೆಲ್ಲಾ, ಸಾಲ ಎಷ್ಟು? ಇದನ್ನು ಹೇಳಿ. ಕಬ್ಬಿನ ದುಡ್ಡು ಬರೋಕೆ ವರ್ಷ ಕಾಯಬೇಕು ಅಂತ ನಮಗೂ ಗೊತ್ತು. ಕಾರ್ಖಾನೆಯವರು 14 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ, ಕೊಡೋದು ಬೇರೆ ಮಾತು. ಆದ್ದರಿಂದ ತಿಂಗಳ ಖರ್ಚಿಗೆ ಏನು ದಾರಿ ಅಂತ ಬಿಡಿಸಿ ಹೇಳಿ: ಡೇರಿ ಬಟವಾಡೆ ಇಷ್ಟು, ರೇಷ್ಮೆ ಗೂಡಿನಿಂದ ಇಷ್ಟು. ನಮ್ಮಣ್ಣ ಮೊದಲು 'ವರ್ಷಕ್ಕೆ 6 ಲಕ್ಷ' ಅಂತಿದ್ದ. ಗೊಬ್ಬರ, ಕೂಲಿ ಕಳೆದಿದ್ದೀಯಾ ಅಂತ ಕೇಳಿದರೆ ಸುಮ್ಮನಾದ. ಈಗ ಕಳೆದು ಹೇಳ್ತಾನೆ. ಮೊತ್ತ ಚಿಕ್ಕದಾಗಿದೆ, ಆದರೆ ಹುಡುಗಿ ಕಡೆಯವರು ಎರಡನೇ ಸಲ ಫೋನ್ ಮಾಡ್ತಾರೆ.

ಮನೆಯ ವಿಷಯದಲ್ಲೇ ಜಾಸ್ತಿ ಸಂಬಂಧ ಮುರಿಯೋದು. ನನ್ನನ್ನು ನೋಡೋಕೆ ಬಂದ ಒಬ್ಬರ ಮನೆಗೆ ಆಮೇಲೆ ನಾವು ಹೋದೆವು. ಹಾಲ್‌ನಲ್ಲಿ ದೊಡ್ಡ ಟಿವಿ, ಹೊರಗೆ ಹೊಸ ಕಾರು. ಬಚ್ಚಲು ಮಾತ್ರ ಕೊಟ್ಟಿಗೆ ದಾಟಿ ಹಿತ್ತಲಲ್ಲಿ, ಚಿಲಕವೂ ಇಲ್ಲ. ಹುಡುಗ ಒಳ್ಳೆಯವನೇ. ಆದರೆ ರಾತ್ರಿ ಹನ್ನೊಂದಕ್ಕೆ ಆ ಹಿತ್ತಲಿಗೆ ಹೋಗೋದು ನಾನು ತಾನೇ? ಕಾರಿನ ಕಂತಿಗೆ ಮುಂಚೆ ಮನೆಗೆ ಅಂಟಿಕೊಂಡ ಹಾಗೆ ಒಂದು ಬಚ್ಚಲು ಕಟ್ಟಿಸಿ. ಚಿಲಕ ಇರುವ ಒಂದು ರೂಮೂ ಬೇಕು.

ಹುಡುಗಿ ಕೆಲಸದಲ್ಲಿದ್ದರೆ 'ಮದುವೆ ಆದಮೇಲೆ ನೋಡೋಣ' ಅನ್ನಬೇಡಿ. ಅದರ ಅರ್ಥ ಕೆಲಸ ಬಿಡಿಸೋದು ಅಂತ ನಮಗೆಲ್ಲ ಗೊತ್ತು. ಬರೋ ಮುಂಚೆಯೇ ವಿಚಾರಿಸಿಕೊಂಡು ಬನ್ನಿ: ಬೆಳಿಗ್ಗೆ ಊರಿಂದ ಮೊದಲ ಬಸ್ ಎಷ್ಟು ಗಂಟೆಗೆ, ಸಂಜೆ ಕೊನೇದು ಎಷ್ಟಕ್ಕೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆದರೆ ಬಸ್ಸೇ ಬರದ ಊರಿಗೆ ಅದರಿಂದೇನು? 'ನಾನು ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ, ಕರ್ಕೊಂಡು ಬರ್ತೀನಿ' ಅಂತ ಹೇಳಿದ ಹುಡುಗನನ್ನು ನಾನು ಇನ್ನೂ ನೋಡಿಲ್ಲ. ಹೇಳಿದ್ದರೆ ಯೋಚನೆ ಮಾಡ್ತಿದ್ದೆನೋ ಏನೋ.

ಹದಿನೈದು ಜನರ ಜೊತೆ ಬಂದು, ಉಪ್ಪಿಟ್ಟು ಕೇಸರಿಬಾತ್ ತಿಂದು, 'ಹುಡುಗ ಹುಡುಗಿ ಐದು ನಿಮಿಷ ಮಾತಾಡ್ಲಿ' ಅನ್ನೋ ಕಾಲ ಹೋಯಿತು. ಮೊದಲು ಫೋನ್‌ನಲ್ಲಿ ಮಾತಾಡಿ. ಮನೆಯವರಿಗೆ ಹೇಳಿಯೇ ಒಂದು ಮಧ್ಯಾಹ್ನ ಹೊರಗೆ ಸಿಗಿ. ಜಾಗ ಹುಡುಗಿಯೇ ಆರಿಸಲಿ. ಮೈಸೂರಾದರೆ ಕಾರಂಜಿ ಕೆರೆ ಒಳ್ಳೇದು: ಜನ ಇರ್ತಾರೆ, ನಡೆಯುತ್ತಾ ಮಾತಾಡಬಹುದು, ಎದುರುಬದುರು ಕೂತು ಮುಖ ನೋಡೋ ಸಂಕಟ ಇಲ್ಲ. ಕುಡಿಯೋ ಅಭ್ಯಾಸ ಇದ್ದರೆ ಅವತ್ತೇ ಹೇಳಿ. ಊರಿನ ಹುಡುಗೀರಿಗೆ ಊರಲ್ಲೇ ಯಾರಾದರೂ ನೆಂಟರು ಇರ್ತಾರೆ, ಸಂಜೆಗೆ ಗೊತ್ತಾಗುತ್ತೆ. ಅವಳನ್ನೂ ಕೇಳಿ, ಆದರೆ 'ಅಡುಗೆ ಬರುತ್ತಾ' ಇಂದ ಶುರು ಮಾಡಬೇಡಿ.

ಬ್ರೋಕರ್‌ಗೆ ಮುಂಗಡ ಕೊಡಬೇಡಿ. ದೂರದ ಊರಿನ ಹುಡುಗಿ, ವಾರದಲ್ಲೇ ಮದುವೆ, ಮೊದಲೇ ದುಡ್ಡು ಅಂದರೆ ಅಲ್ಲಿಗೇ ಬಿಟ್ಟುಬಿಡಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ, ಮುಖ ತೋರಿಸದೆ ಸಾವಿರ ಎರಡು ಸಾವಿರ ಕೇಳೋರೂ ಇದ್ದಾರೆ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಡ ಅಂತ ಉತ್ತರ ಬಂದರೆ ಕಾರಣ ಒಂದು ಸಲ ಕೇಳಬಹುದು, ಅದೂ ದೊಡ್ಡವರ ಮೂಲಕ. ಅವಳ ಆಫೀಸಿನ ಹತ್ತಿರ ಹೋಗಿ ನಿಲ್ಲಬೇಡಿ, ಇನ್‌ಸ್ಟಾದಲ್ಲಿ ಹುಡುಕಿ ಮೆಸೇಜ್ ಹಾಕಬೇಡಿ. ನಂಬರ್ ಡಿಲೀಟ್ ಮಾಡಿ. ಅವಳ ಫೋಟೋ ನಿಮ್ಮ ಅಮ್ಮನ ಫೋನ್‌ನಲ್ಲೂ ಇರುತ್ತೆ, ಅದನ್ನೂ ಅಳಿಸಿ.