ಬರಹ ಸವೆದ ರೋಮನ್ ನಾಣ್ಯಗಳ ಕಾಲವನ್ನು ಚಿತ್ರದಿಂದಲೇ ಗುರುತಿಸಿದ ನನ್ನ ಅನುಭವ

ನಾಲ್ಕನೆಯ ಶತಮಾನದ ರೋಮನ್ ಕಂಚಿನ ನಾಣ್ಯದ ಬರಹ ಪೂರ್ತಿ ಅಳಿಸಿದ್ದರೂ ಹಿಂಬದಿಯ ಚಿತ್ರದಿಂದಲೇ ಅದರ ಕಾಲವನ್ನು ಹೇಳಬಹುದೆಂದಾಗ ಲಂಡನ್ನಿನ ಸಂಗ್ರಾಹಕ ಮಿತ್ರರು ನಂಬಿರಲಿಲ್ಲ. ಈಗ ಅವರೇ ಗುರುತು ಸಿಗದ ನಾಣ್ಯಗಳ ಡಬ್ಬಿಗಳನ್ನು ನನ್ನ ಮೇಜಿಗೆ ತಂದಿಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಶುಚಿ ಮಾಡದ ನಾಣ್ಯಗಳನ್ನು ಒಂದಕ್ಕೆ ಎರಡು ಪೌಂಡಿನ ಆಸುಪಾಸಿನಲ್ಲಿ ರಾಶಿಯಾಗಿ ಕೊಳ್ಳುತ್ತಿದ್ದೆ. ಮೊದಲ ಮುನ್ನೂರು ಪೌಂಡಿನಷ್ಟು ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ನಿಂಬೆರಸವು ಕಿಲುಬಿನ ಜೊತೆಗೆ ಚಿತ್ರವನ್ನೂ ತಿಂದಿತು. ಎಲೆಕ್ಟ್ರಾಲಿಸಿಸ್, ಅಂದರೆ ದ್ರಾವಣದಲ್ಲಿ ವಿದ್ಯುತ್ ಹರಿಸಿ ಕಿಲುಬು ಬಿಡಿಸುವ ಕೆಲಸ, ಮಾಡಿದವು ಬೋಳು ಬಿಲ್ಲೆಗಳಾಗಿ ಹೊರಬಂದವು. ಆಲಿವ್ ಎಣ್ಣೆ ತಿಂಗಳುಗಟ್ಟಲೆ ಕಾಯಿಸಿತು. ಕಡೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಓರೆ ಬೆಳಕಿನಲ್ಲಿಟ್ಟು, ಅಕ್ಷರಗಳ ಗೊಡವೆಗೆ ಹೋಗದೆ ಚಿತ್ರದ ಹೊರರೇಖೆಯನ್ನಷ್ಟೇ ನೋಡತೊಡಗಿದೆ. ದೀಪವನ್ನು ಎಲ್ಲಿಡುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಮೊದಲು ಫಲ ಕೊಟ್ಟದ್ದು ಇಬ್ಬರು ಸೈನಿಕರು ಎದುರುಬದುರಾಗಿ ನಿಂತಿರುವ ಮಾದರಿ. ಅವರ ನಡುವೆ ಎರಡು ಸೇನಾಧ್ವಜಗಳಿದ್ದರೆ ನಾಣ್ಯ ಸುಮಾರು 330ರಿಂದ 335ರ ಒಳಗಿನದು. ಒಂದೇ ಧ್ವಜವಿದ್ದರೆ ಅದರ ನಂತರದ್ದು, ಏಕೆಂದರೆ ನಾಣ್ಯದ ತೂಕ ಇಳಿಸಿದ ಹೊತ್ತಿನಲ್ಲೇ ಧ್ವಜವೂ ಒಂದಾಯಿತು. ನನ್ನ ತಕ್ಕಡಿಯಲ್ಲಿ ಮೊದಲಿನವು ಎರಡೂವರೆ ಗ್ರಾಂ ಹತ್ತಿರ, ಆಮೇಲಿನವು ಒಂದೂವರೆ ಗ್ರಾಂನ ಆಸುಪಾಸು ತೂಗುತ್ತವೆ. ಧ್ವಜದ ಜಾಗ ಸವೆದಿದ್ದರೆ ತಕ್ಕಡಿಯೇ ಸಾಕ್ಷಿ. ಕುದುರೆ ಸಮೇತ ಬಿದ್ದ ಶತ್ರುವನ್ನು ಈಟಿಯಿಂದ ತಿವಿಯುವ ಯೋಧನಾಗಲಿ ಫೀನಿಕ್ಸ್ ಪಕ್ಷಿಯಾಗಲಿ ಕಂಡರೆ, ಅದು ರೋಮ್ ನಗರದ 1100ನೆಯ ವರ್ಷದ ಹೊತ್ತಿಗೆ, ಅಂದರೆ ಸುಮಾರು 348ರಲ್ಲಿ, ಆರಂಭವಾದ ಸರಣಿಯದು. ಸೆರೆಯಾಳನ್ನು ಎಳೆದೊಯ್ಯುವ ವಿಜಯದೇವತೆಯ ಪುಟಾಣಿ ನಾಣ್ಯ ಬಹುಪಾಲು 388ರ ಈಚಿನದು. ಹೀಗೆ ಗುರುತಿಸಿದ ನಾಣ್ಯ ಹತ್ತು ಹನ್ನೆರಡು ಪೌಂಡಿಗೆ ಸಲೀಸಾಗಿ ಹೋಗುತ್ತದೆ.

ನಡುವೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ನಾಣ್ಯದ ಮೇಲೆ ಒತ್ತಿ ಅಚ್ಚು ತೆಗೆದೂ ನೋಡಿದೆ. ಕಂಚಿನ ಮೇಲೆ ಅದು ವ್ಯರ್ಥ. ಆದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದೊರೆತಿರುವ, ರೋಮನ್ ಚಕ್ರವರ್ತಿ ಟೈಬೀರಿಯಸನ ದಿನಾರಿ ಎಂಬ ಬೆಳ್ಳಿ ನಾಣ್ಯದ ಮೇಲೆ, ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಸ್ತ್ರೀಯ ರೂಪ ಚೆನ್ನಾಗಿಯೇ ಮೂಡಿತು.

ಈ ವಿಧಾನ ಸೋಲುವ ಜಾಗವೂ ಇದೆ. ನ್ಯಾಯದ ದೇವತೆ ಈಕ್ವಿಟಾಸ್ ಮತ್ತು ಟಂಕಸಾಲೆಯ ದೇವತೆ ಮೊನೇಟಾ, ಇಬ್ಬರ ಕೈಯಲ್ಲೂ ತಕ್ಕಡಿ ಮತ್ತು ಸಮೃದ್ಧಿಯ ಕೊಂಬೇ ಇರುವುದರಿಂದ ಅಕ್ಷರ ಓದದೆ ಗತ್ಯಂತರವಿಲ್ಲ. ಅಂಥವನ್ನು ಬೇರೆ ತಟ್ಟೆಗೆ ಹಾಕಿ, ಕೊಂಡ ಬೆಲೆಗೇ ಮಾರುತ್ತೇನೆ.