ಹಳೆಯ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಚಾರ್ಜಿಂಗ್ ವೋಲ್ಟೇಜ್ ಮಿತಿ ಮೀರಿದಾಗ

ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಎಂಜಿನ್, ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್‌ಗಳ ನಡುವೆ 15.5 ಅಥವಾ 16 ವೋಲ್ಟ್ ಕಂಡೊಡನೆ ಹೊಸ ರೆಗ್ಯುಲೇಟರ್ (ವೋಲ್ಟೇಜನ್ನು ಮಿತಿಯಲ್ಲಿಡುವ ಭಾಗ) ಕೊಳ್ಳಲು ಹೊರಡುವವರಿದ್ದಾರೆ. ಆದರೆ ಹಳೆಯ ಔಟ್‌ಬೋರ್ಡ್‌ಗಳಲ್ಲಿ ಮೊದಲು ಶಂಕಿಸಬೇಕಾದದ್ದು ಬ್ಯಾಟರಿಯನ್ನು ಮತ್ತು ಅದರ ಜೋಡಣೆಗಳನ್ನು. ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ರೆಗ್ಯುಲೇಟರ್ ಎಂಬ ಭಾಗವೇ ಇರುವುದಿಲ್ಲ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್‌ಗೆ ಬ್ಯಾಟರಿಯನ್ನೇ ಜೋಡಿಸಿರದಿದ್ದರೆ ಈ ತೊಂದರೆಯ ಪ್ರಶ್ನೆಯೇ ಬರುವುದಿಲ್ಲ. ದೀಪ, ಜಿಪಿಎಸ್, ಫಿಶ್ ಫೈಂಡರ್‌ಗಳಿಗಾಗಿ ಬ್ಯಾಟರಿ ಇಟ್ಟು ಅದನ್ನು ಎಂಜಿನ್‌ನಿಂದಲೇ ಚಾರ್ಜ್ ಮಾಡಿಕೊಳ್ಳುವವರು ಮುಂದಿನದನ್ನು ಗಮನಿಸಬೇಕು.

ಕಾರಿನ ಆಲ್ಟರ್ನೇಟರ್‌ನಲ್ಲಿ ಫೀಲ್ಡ್ ಸುರುಳಿಗೆ ಹೋಗುವ ವಿದ್ಯುತ್ತನ್ನು ಕಡಿಮೆ ಮಾಡಿ ಉತ್ಪಾದನೆಯನ್ನು ತಗ್ಗಿಸಬಹುದು. ಹೆಚ್ಚಿನ ಔಟ್‌ಬೋರ್ಡ್‌ಗಳಲ್ಲಿ ಹಾಗಿಲ್ಲ. ಫ್ಲೈವೀಲ್‌ನೊಳಗಿನ (ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರದೊಳಗಿನ) ಶಾಶ್ವತ ಅಯಸ್ಕಾಂತಗಳು ಸ್ಟೇಟರ್ ಎಂಬ ಅಲುಗಾಡದ ಭಾಗದ ತಂತಿ ಸುರುಳಿಗಳ ಸುತ್ತ ತಿರುಗುವವರೆಗೂ ವಿದ್ಯುತ್ ಹುಟ್ಟುತ್ತಲೇ ಇರುತ್ತದೆ. ರೆಕ್ಟಿಫೈಯರ್ ಅದನ್ನು ಡಿ.ಸಿ.ಗೆ ಪರಿವರ್ತಿಸಿ ಬ್ಯಾಟರಿಗೆ ಕಳಿಸುತ್ತದೆ. ರೆಗ್ಯುಲೇಟರ್ ಇರುವ ಎಂಜಿನ್‌ಗಳಲ್ಲಿ ಅದು ಹೆಚ್ಚಾದುದನ್ನು ಸಾಮಾನ್ಯವಾಗಿ ಅರ್ಥ್‌ಗೆ ತಿರುಗಿಸಿಬಿಡುತ್ತದೆ. ಇಲ್ಲದ ಎಂಜಿನ್‌ಗಳಲ್ಲಿ ಹೆಚ್ಚಾದುದನ್ನೆಲ್ಲ ಹೀರಿಕೊಳ್ಳುವ ಹೊಣೆ ಬ್ಯಾಟರಿಯದೇ. ಆದ್ದರಿಂದ ಸ್ಟೇಟರ್ ಕೆಟ್ಟರೆ ವೋಲ್ಟೇಜ್ ಸಾಮಾನ್ಯವಾಗಿ ಕುಸಿಯುತ್ತದೆಯೇ ಹೊರತು ಏರುವುದಿಲ್ಲ. ವೋಲ್ಟೇಜ್ ಹೆಚ್ಚಿದೆಯೆಂದು ಸ್ಟೇಟರ್ ಬದಲಿಸುವುದು ದುಡ್ಡು ನೀರಿಗೆ ಸುರಿದಂತೆ.

ನಿಮ್ಮ ಎಂಜಿನ್ ಯಾವ ಬಗೆಯದೆಂದು ಮೊದಲು ತಿಳಿಯಿರಿ. ಸ್ಟೇಟರ್‌ನಿಂದ ಬರುವ ತಂತಿಗಳನ್ನು ಹಿಂಬಾಲಿಸಿದರೆ (ಯಮಹಾದಲ್ಲಿ ಇವು ಹೆಚ್ಚಾಗಿ ಹಸಿರು, ಮರ್ಕ್ಯುರಿ ಮತ್ತು ಜಾನ್ಸನ್-ಎವಿನ್‌ರೂಡ್‌ಗಳಲ್ಲಿ ಹಳದಿ) ಅವು ಸೇರುವ ಭಾಗ ಸಿಗುತ್ತದೆ. ಅದು ಚಿಕ್ಕ ಬಿಲ್ಲೆಯಂತಿದ್ದರೆ ಬಹುಶಃ ಬರಿಯ ರೆಕ್ಟಿಫೈಯರ್. ಶಾಖ ಹೊರಹಾಕುವ ಪಟ್ಟಿಗಳಿರುವ ಅಲ್ಯೂಮಿನಿಯಂ ಪೆಟ್ಟಿಗೆಯಾಗಿದ್ದರೆ ರೆಗ್ಯುಲೇಟರ್ ಕೂಡ ಅದರಲ್ಲೇ ಇರುವ ಸಾಧ್ಯತೆ ಹೆಚ್ಚು. ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ.

ಅಳತೆಗೆ ಮುನ್ನ ಮಲ್ಟಿಮೀಟರ್‌ಗೆ ಹೊಸ ಸೆಲ್ ಹಾಕಿ. ಮೀಟರಿನ ಸೆಲ್ ಇಳಿದಿದ್ದರೆ ಅದು ಇಲ್ಲದ ವೋಲ್ಟೇಜನ್ನು ತೋರಿಸಬಹುದು, ಮತ್ತು ಇಂಥ ಸುಳ್ಳು ಅಳತೆಯನ್ನು ನಂಬಿ ಎಂಜಿನ್ ಬಿಚ್ಚಿದವರಿದ್ದಾರೆ. ಹಳೆಯ ಇಗ್ನಿಷನ್‌ನ ಕಿಡಿಗಳು ಡಿಜಿಟಲ್ ಮೀಟರನ್ನು ಗಲಿಬಿಲಿಗೊಳಿಸುವುದೂ ಉಂಟು. ಅಂಕಿಗಳು ಕುಣಿಯುತ್ತಿದ್ದರೆ ಮೀಟರನ್ನು ಪ್ಲಗ್ ತಂತಿಗಳಿಂದ ದೂರವಿಡಿ, ಇಲ್ಲವೇ ಮುಳ್ಳಿನ ಮೀಟರ್ ಬಳಸಿ.

ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್‌ನ ಆಸುಪಾಸು ಇರಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಿಂದ ಪ್ರತಿ ಸೆಲ್‌ನ ಆಮ್ಲದ ಸಾಂದ್ರತೆ ನೋಡಿ, 1.265ರ ಸುತ್ತ ಇದ್ದರೆ ತುಂಬಿದೆ ಎಂದರ್ಥ, ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚಿನ ಅಂತರವಿದ್ದರೆ ಆ ಬ್ಯಾಟರಿಯ ಕಾಲ ಮುಗಿದಿದೆ. ಒಳಗಿನ ಫಲಕಗಳು ಸಲ್ಫೇಟ್ ಕಟ್ಟಿ ಗಟ್ಟಿಯಾದ ಬ್ಯಾಟರಿ ವಿದ್ಯುತ್ತನ್ನು ಹೀರಿಕೊಳ್ಳಲಾರದ್ದರಿಂದ ಎಂಜಿನ್ ಸ್ವಲ್ಪ ಕೊಟ್ಟರೂ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ. ಸಂದೇಹ ಉಳಿದರೆ, ಸುಸ್ಥಿತಿಯಲ್ಲಿದೆಯೆಂದು ಖಾತ್ರಿಯಿರುವ ಇನ್ನೊಂದು ಬ್ಯಾಟರಿಯನ್ನು ಜೋಡಿಸಿ ನೋಡಿ. ಈ ಒಂದೇ ಪರೀಕ್ಷೆ ಅರ್ಧ ದಿನದ ತಲೆಬಿಸಿ ಉಳಿಸುತ್ತದೆ.

ಬಳಿಕ ಜೋಡಣೆಗಳ ಸರದಿ. ಉಪ್ಪುಗಾಳಿಯಲ್ಲಿ ಟರ್ಮಿನಲ್ ಹೊರಗೆ ಹೊಳೆಯುತ್ತಿದ್ದರೂ ಲಗ್ಗಿನೊಳಗೆ (ತಂತಿಯ ತುದಿಗೆ ಹಾಕಿದ ಲೋಹದ ಕೊಂಡಿಯೊಳಗೆ) ತಂತಿ ಹಸಿರುಗಟ್ಟಿರಬಹುದು. ರೆಕ್ಕೆ ನಟ್‌ಗಳಿದ್ದರೆ ತೆಗೆದು ಷಡ್ಭುಜದ ನಟ್ ಹಾಕಿ ಸ್ಪ್ಯಾನರ್‌ನಿಂದ ಬಿಗಿಯಿರಿ. ಬೆರಳಿನ ಬಿಗಿತ ಎಂಜಿನ್ನಿನ ನಡುಕಕ್ಕೆ ಸಾಲದು. ಎಲ್ಲ ಶುಚಿಯಾದ ಮೇಲೆ ದೋಣಿಯನ್ನು ನೀರಿನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ, ಮೀಟರಿನ ಒಂದು ತುದಿಯನ್ನು ರೆಕ್ಟಿಫೈಯರ್‌ನಿಂದ ಹೊರಡುವ ಕೆಂಪು ತಂತಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೂ ಹಿಡಿಯಿರಿ. ಆಮೇಲೆ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಿರಿ. ಇವೆರಡರಲ್ಲಿ ಯಾವುದೇ ಕಡೆ 0.3 ವೋಲ್ಟ್‌ಗಿಂತ ಹೆಚ್ಚು ಕಂಡರೆ ಆ ದಾರಿಯಲ್ಲೆಲ್ಲೋ ತಂತಿ, ಫ್ಯೂಸ್ ಅಥವಾ ಲಗ್ ಕೆಟ್ಟಿದೆ. ಎಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ಮಾತ್ರ ಎಂದೂ ಬಿಚ್ಚಬೇಡಿ: ಆ ಕ್ಷಣದ ವೋಲ್ಟೇಜ್ ಏರಿಕೆಗೆ ರೆಕ್ಟಿಫೈಯರ್ ಸುಟ್ಟುಹೋಗಬಹುದು. ತಿರುಗುವ ಫ್ಲೈವೀಲ್‌ನಿಂದ ಕೈ ಮತ್ತು ಅಂಗಿತೋಳನ್ನು ದೂರವಿಡಿ. ಅತಿಯಾಗಿ ಚಾರ್ಜ್ ಆದ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಹತ್ತಿರ ಬೀಡಿಯೂ ಬೇಡ.

ಇಷ್ಟೆಲ್ಲ ಸರಿಯಿದ್ದು, ಬರಿಯ ರೆಕ್ಟಿಫೈಯರ್ ಇರುವ ಎಂಜಿನ್ ವೇಗ ಏರಿದಾಗ 15 ವೋಲ್ಟ್ ದಾಟುತ್ತಿದ್ದರೆ ದೀಪ, ಪಂಪ್‌ಗಳನ್ನು ಹಾಕಿ ನೋಡಿ. ವೋಲ್ಟೇಜ್ 14ರ ಆಸುಪಾಸಿಗೆ ಇಳಿದರೆ ಅದು ದೋಷವಲ್ಲ, ಆ ಎಂಜಿನ್‌ನ ರಚನೆಯೇ ಹಾಗೆ. ಇಂಥ ಎಂಜಿನ್‌ಗೆ ಸೀಲ್ ಮಾಡಿದ ಬ್ಯಾಟರಿ ಹೊಂದುವುದಿಲ್ಲ. ನೀರು ತುಂಬಬಹುದಾದದ್ದನ್ನೇ ಇಟ್ಟು ಮಟ್ಟವನ್ನು ಆಗಾಗ ನೋಡಿ ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು. ಸೂಕ್ಷ್ಮ ಉಪಕರಣಗಳಿದ್ದರೆ ಸ್ಟೇಟರ್‌ನ ಆಂಪಿಯರ್ ಹಾಗೂ ಫೇಸ್‌ಗೆ ತಕ್ಕ ರೆಗ್ಯುಲೇಟರ್-ರೆಕ್ಟಿಫೈಯರ್ ಜೋಡಿಸಿಕೊಳ್ಳಬಹುದು.

ರೆಗ್ಯುಲೇಟರ್ ಇದ್ದೂ ವೋಲ್ಟೇಜ್ 14.5ರ ಸುತ್ತ ನಿಲ್ಲದೆ ವೇಗದ ಜೊತೆ ಏರುತ್ತಲೇ ಇದ್ದರೆ, ಅದಕ್ಕೆ ಬ್ಯಾಟರಿಯ ಸ್ಥಿತಿ ತಿಳಿಸುವ ಸೆನ್ಸ್ ತಂತಿ ಇದೆಯೇ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಕೆಲವು ಜಾನ್ಸನ್-ಎವಿನ್‌ರೂಡ್ ಎಂಜಿನ್‌ಗಳಲ್ಲಿ ಇದು ಕೀ ಸ್ವಿಚ್ಚಿನಿಂದ ಬರುವ ನೇರಳೆ ತಂತಿ. ಸ್ವಿಚ್ ಸವೆದು ಆ ತಂತಿಯಲ್ಲಿ ಒಂದು ವೋಲ್ಟ್ ಕಡಿಮೆ ಬಂದರೆ, ಬ್ಯಾಟರಿ ಇನ್ನೂ ಖಾಲಿಯಿದೆಯೆಂದು ತಿಳಿದು ರೆಗ್ಯುಲೇಟರ್ ಅಷ್ಟೇ ಹೆಚ್ಚು ಕೊಡುತ್ತದೆ. ತಂತಿಯಲ್ಲೂ ಬ್ಯಾಟರಿಯಲ್ಲೂ ಒಂದೇ ವೋಲ್ಟೇಜ್ ಇದ್ದು ಏರಿಕೆ ನಿಲ್ಲದಿದ್ದರೆ ಆಗ ರೆಗ್ಯುಲೇಟರ್ ಬದಲಿಸಿ. ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರ್‌ನ ಮುಳ್ಳೂ ಅದೇ ಸಮಯದಲ್ಲಿ ತಪ್ಪು ತೋರಿಸತೊಡಗಿದ್ದರೆ ಈ ತೀರ್ಮಾನಕ್ಕೆ ಇನ್ನಷ್ಟು ಬಲ ಬರುತ್ತದೆ, ಏಕೆಂದರೆ ಅನೇಕ ಮಾದರಿಗಳಲ್ಲಿ ಅದರ ಸಂಕೇತ ಇದೇ ಪೆಟ್ಟಿಗೆಯಿಂದ ಹೊರಡುತ್ತದೆ. ಹೊಸದನ್ನು ಕೂರಿಸುವ ಜಾಗದ ತುಕ್ಕು ಮತ್ತು ಬಣ್ಣವನ್ನು ಕೆರೆದು, ಬ್ಲಾಕಿಗೆ ತಟ್ಟಿ ಕೂರುವಂತೆ ಬೋಲ್ಟ್ ಬಿಗಿದು, ಮತ್ತೆ ನೀರಿನಲ್ಲಿ ಎಂಜಿನ್ ಓಡಿಸಿ ಬೇರೆ ಬೇರೆ ವೇಗಗಳಲ್ಲಿ ವೋಲ್ಟೇಜ್ ಅಳೆದು ಬರೆದಿಟ್ಟುಕೊಳ್ಳಿ.