ಹಸುವಿನ ತೇಗಲ್ಲಿ ಹೋಗೋದು ನಿಮ್ಮ ಮೇವೇ: ಮೀಥೇನ್ ಕಡಿಮೆ ಮಾಡೋಕೆ ಎಲ್ಲಿಂದ ಶುರು ಮಾಡ್ಬೇಕು

ಹಸು ಬಿಡೋ ಮೀಥೇನ್ (ಭೂಮಿನ ಬಿಸಿ ಮಾಡೋ ಒಂದು ಅನಿಲ) ಅಂದ ತಕ್ಷಣ ತುಂಬಾ ಜನ ಹಿಂದಿನಿಂದ ಬರೋ ಗಾಳಿ ಅಂದ್ಕೋತಾರೆ, ಆದ್ರೆ ಹೆಚ್ಚುಕಮ್ಮಿ ಪೂರ್ತಿ ಬರೋದು ಬಾಯಿಂದ, ತೇಗಿನಲ್ಲಿ. ಮೊದಲನೇ ಹೊಟ್ಟೆಲಿ ನಾರು ಕೊಳೆಯುವಾಗ ಹೈಡ್ರೋಜನ್ ಹುಟ್ಟುತ್ತೆ, ಅಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಮೀಥೇನ್ ಮಾಡ್ತವೆ, ಮೇವಿನ ಶಕ್ತಿಯಲ್ಲಿ 2 ರಿಂದ 12 ಪರ್ಸೆಂಟ್ ಹೀಗೇ ಗಾಳಿ ಪಾಲಾಗುತ್ತೆ. ದುಡ್ಡು ಕೊಟ್ಟು ತಂದ ಮೇವು ಸ್ವಾಮಿ ಅದು! ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, ಮೊದಲು ಗೋದಲಿ ನೋಡಿ, ಮಿಷಿನ್ನು ಪೌಡರು ಎಲ್ಲ ಆಮೇಲೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ ಜಾನುವಾರು ವಲಯದಿಂದ ಬರೋ, ಭೂಮಿ ಬಿಸಿ ಮಾಡೋ ಅನಿಲಗಳ ಒಟ್ಟು ಹೊರಸೂಸುವಿಕೆಲಿ ಮೇವು ಬೆಳೆಯೋದು, ತಯಾರು ಮಾಡೋದೇ 45 ಪರ್ಸೆಂಟ್, ಹೊಟ್ಟೆಯ ಮೀಥೇನ್ 39, ಗೊಬ್ಬರ ಸುಮಾರು 10.

ಮೊದಲ ಕೆಲಸ ಸಗಣಿ ನೋಡೋದು. ಒಂದು ಬೊಗಸೆ ಸಗಣಿ ಜರಡಿಗೆ ಹಾಕಿ ನೀರು ಬಿಟ್ಟು ತೊಳೀರಿ, ಮೇಲೆ ಇಡೀ ಕಾಳು, ಬೆರಳುದ್ದ ನಾರು ಉಳೀತಾ? ಹಂಗಿದ್ರೆ ತಿಂದದ್ದು ಸರಿಯಾಗಿ ಅರಗ್ತಿಲ್ಲ. ಕಾಳು ಉಳಿದ್ರೆ ಇನ್ನೂ ನುಣ್ಣಗೆ ಒಡೆಸಿ, ನಾರು ಉಳಿದ್ರೆ ಮೇವು ಬಲಿತಿದೆ ಅಂತ, ಮುಂದಿನ ಸಲ ಬೇಗ ಕೊಯ್ಯಿರಿ. ಹುಲ್ಲು ಹೂ ಬಿಟ್ಟು ಬಲಿತಷ್ಟೂ ಅರಗೋದು ಕಷ್ಟ, ಒಂದು ಲೀಟರ್ ಹಾಲಿಗೆ ಬೀಳೋ ಮೀಥೇನೂ ಜಾಸ್ತಿ.

ಒಣಹುಲ್ಲೇ ಗತಿ ಅನ್ನೋರು ಯೂರಿಯಾ ಉಪಚಾರ ಮಾಡಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾನ 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಹುಲ್ಲು ಪದರ ಪದರವಾಗಿ ಹಾಸ್ತಾ ಎಲ್ಲಾ ಕಡೆ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಿ. ತೆಗೆದ ಮೇಲೆ ಘಾಟು ಹೋಗೋವರೆಗೂ ಹರಡಿ ಆಮೇಲೆ ಹಾಕಿ. ಎಳೆ ಕರುಗಳಿಗೆ ಬೇಡ, ಕರಗಿಸಿದ ನೀರಿರೋ ಬಕೆಟ್ ಹತ್ರ ದನ ಬರಲೇಬಾರದು, ಕುಡಿದ್ರೆ ಪ್ರಾಣಕ್ಕೇ ಅಪಾಯ.

ಹಿಂಡಿ ಜಾಸ್ತಿ ಹಾಕಿದ್ರೆ ಹಾಲು ಜಾಸ್ತಿ ಅನ್ನೋದು ಒಂದು ಮಟ್ಟದವರೆಗೆ ಮಾತ್ರ. ಬೇಕಾದ್ದಕ್ಕಿಂತ ಹೆಚ್ಚಿನ ಪ್ರೋಟೀನ್ ಗಂಜಲದಲ್ಲಿ ಸಾರಜನಕವಾಗಿ ಹೋಗುತ್ತೆ, ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತೆ, ಅದರ ಬಿಸಿ ಮಾಡೋ ಶಕ್ತಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು. ಮೇವಿನ ಹೊಲಕ್ಕೆ ಕಣ್ಣಳತೇಲಿ ಎರಚೋ ಯೂರಿಯಾದ ಕಥೆನೂ ಇದೇ. ಹುಲ್ಲಿನ ಜೊತೆ ದ್ವಿದಳ ಮೇವು ಬೆಳೆದ್ರೆ ಅದು ಗಾಳಿಯಿಂದಲೇ ಸಾರಜನಕ ಹಿಡಿಯುತ್ತೆ, ಯೂರಿಯಾ ಖರ್ಚೂ ಇಳಿಯುತ್ತೆ. ಇನ್ನು ಕಾಡು ಕಡಿದ ಜಾಗದಲ್ಲಿ ಬೆಳೆದ ಸೋಯಾ ಹಿಂಡಿ ತಂದ್ರೆ ಕೊಟ್ಟಿಗೇಲಿ ಎಷ್ಟು ಉಳಿಸಿದ್ರೂ ಸಾಲಲ್ಲ, ಎಲ್ಲಿಂದ ಬಂತು ಅಂತ ಕೇಳಿಯೇ ತಗೊಳ್ಳಿ.

ಮೀಥೇನ್ ಲೆಕ್ಕ ಯಾವಾಗ್ಲೂ ಒಂದು ಲೀಟರ್ ಹಾಲಿಗೆ ಇಷ್ಟು ಅಂತ ಹಾಕಿ. ಬೆದೆ ತಪ್ಪಿಸಿಕೊಂಡು ತಿಂಗಳುಗಟ್ಟಲೆ ಗಬ್ಬ ನಿಲ್ಲದೆ ನಿಂತಿರೋ ಹಸು ಹಾಲು ಕೊಡದಿದ್ರೂ ತಿನ್ನುತ್ತೆ, ತೇಗುತ್ತೆ. ಕಾಯಿಲೆ ಬೇಗ ಗುರುತಿಸೋದು, ಬೆದೆಯ ತಾರೀಖು ಬರೆದಿಡೋದು, ಇವೂ ಮೀಥೇನ್ ಇಳಿಸೋ ಕೆಲಸಗಳೇ. ಯಾರೂ ಇವನ್ನ ಆ ಲೆಕ್ಕಕ್ಕೆ ತಗೊಳಲ್ಲ ಅನ್ನೋದೇ ನನಗೆ ಬೇಜಾರು.

3-ಎನ್‌ಒಪಿ ಅನ್ನೋ ಮೇವಿನ ಸೇರ್ಪಡೆ ಹಾಲಿನ ಹಸುಗಳಲ್ಲಿ ಸುಮಾರು 30 ಪರ್ಸೆಂಟ್ ಮೀಥೇನ್ ಇಳಿಸುತ್ತೆ, ಯುರೋಪಿಯನ್ ಯೂನಿಯನ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ದಿನಾ ಮೇವಲ್ಲಿ ಬೆರೆಸಿ ಕೊಡೋದು, ಹೊರಗೆ ಬಿಟ್ಟು ಮೇಯಿಸೋರಿಗೆ ಕಷ್ಟ. ಎಣ್ಣೆಕಾಳಿನ ಕೊಬ್ಬೂ ಸ್ವಲ್ಪ ಇಳಿಸುತ್ತೆ, ಆದ್ರೆ ಮೇವಿನ ಒಣತೂಕದಲ್ಲಿ (ನೀರಿನಂಶ ಬಿಟ್ಟ ತೂಕ) ಒಟ್ಟು ಕೊಬ್ಬು 6 ಪರ್ಸೆಂಟ್ ದಾಟಿದ್ರೆ ನಾರು ಅರಗೋದೇ ಕೆಡುತ್ತೆ.

ಸಗಣಿ ವಿಷಯಕ್ಕೆ ಬಂದ್ರೆ, ಗಾಳಿ ಸೇರದ ರಾಡಿ ಗುಂಡಿಯಷ್ಟು ಮೀಥೇನ್ ಒಣ ರಾಶಿ ಬಿಡಲ್ಲ. ಗಂಜಲ, ತೊಳೆದ ನೀರು ಬೇರೆ ಹರಿಸಿ, ರಾಶಿನ ಆಗಾಗ ಮಗುಚಿ ಕಾಂಪೋಸ್ಟ್ ಮಾಡಿ. ಗೋಬರ್ ಗ್ಯಾಸ್ ಇದ್ರೆ ಇನ್ನೂ ಒಳ್ಳೇದು, ಉರಿಸಿದ ಮೀಥೇನ್ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಆದ್ರೆ ಸೋರಿದ್ರೆ? ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಸುಮಾರು 28 ಪಟ್ಟು ಬಿಸಿ ಮಾಡುತ್ತೆ, ಮಾಡಿದ್ದೆಲ್ಲ ವ್ಯರ್ಥ. ತಿಂಗಳಿಗೊಮ್ಮೆ ಪೈಪಿನ ಜೋಡಣೆ, ವಾಲ್ವ್ ಎಲ್ಲದಕ್ಕೂ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ರೆ ಅವತ್ತೇ ರಿಪೇರಿ ಮಾಡಿಸಿ.